ಕಲೆ ಉಳ್ಳವರ ಮನೆಯ ಸ್ವತ್ತೇ?

ಪ್ರಶ್ನೆ: ನಮ್ಮದು ಮಂಡಕ್ಕಿ ಭಟ್ಟಿ. ಪಿಯುಸಿ ಮುಗಿಸಿದ ಮಗಳು ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಸಿರಿವಂತರ ಮನೆಯವರೇ ಹೆಚ್ಚಾಗಿ ಕಲಾವಿದರಾಗುತ್ತಾರೆಂದು ಅಮೆರಿಕದ ಅಧ್ಯಯನವೊಂದು ಹೇಳಿದೆಯಂತೆ. ನಮ್ಮಂಥವರ ಮಕ್ಕಳಲ್ಲಿ ಆ ಶಕ್ತಿ ಇರುವುದಿಲ್ಲವೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಂಥ ಅಧ್ಯಯನ ನಡೆದಿರುವುದು ನಿಜ. 1850ರಿಂದ 2010ರವರೆಗಿನ ಅಮೆರಿಕದ ಜನಗಣತಿ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞ ಕಾರೋಲ್ ಬೊರೊವೀಟ್ಸ್ಕಿ ಅವರು, ಕುಟುಂಬದ ವರಮಾನ ಹತ್ತು ಸಾವಿರ ಡಾಲರ್ ಹೆಚ್ಚಿದಂತೆಲ್ಲ ಆ ಮನೆಯವರು ಚಿತ್ರಕಾರ, ಸಂಗೀತಗಾರ, ನಟ, ಲೇಖಕ ಮೊದಲಾದ ವೃತ್ತಿಗೆ ಹೋಗುವ ಸಂಭವ ಸುಮಾರು ಶೇ 2ರಷ್ಟು ಏರುತ್ತದೆಂದು ಕಂಡುಕೊಂಡರು. ಆದರೆ ಜನಗಣತಿಯವರು ಬರೆದುಕೊಳ್ಳುವುದು ಮನುಷ್ಯನ ಕಸುಬನ್ನು; ಅವನೊಳಗಿನ ಶಕ್ತಿಯನ್ನು ಅಳೆಯುವ ಕಲಂ ಅದರಲ್ಲಿಲ್ಲ.

ನಿಮ್ಮ ಸಂಶಯಕ್ಕೆ ಇನ್ನಷ್ಟು ನೇರವಾಗಿ ಉತ್ತರಿಸುವುದು ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಸುಮಾರು 12 ಲಕ್ಷ ಆವಿಷ್ಕಾರಕರ ಬಗ್ಗೆ ನಡೆಸಿದ ಅಧ್ಯಯನ. ಅತಿ ಶ್ರೀಮಂತ ಶೇ 1ರಷ್ಟು ಕುಟುಂಬಗಳ ಮಕ್ಕಳು, ವರಮಾನದಲ್ಲಿ ಕೆಳಗಿನ ಅರ್ಧದವರ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಾಗಿ ಆವಿಷ್ಕಾರಕರಾಗಿದ್ದರು. ಮೂರನೇ ತರಗತಿಯ ಗಣಿತದಲ್ಲಿ ಸಮನಾಗಿ ಜಾಣರಾಗಿದ್ದ ಮಕ್ಕಳಲ್ಲೂ ಬಡವರ ಮನೆಯವರು ಹಿಂದೆ ಉಳಿದಿದ್ದರು. ಆವಿಷ್ಕಾರಕರ ನಡುವೆ ಬೆಳೆದ ಮಕ್ಕಳು ಅದೇ ದಾರಿ ಹಿಡಿಯುವುದು ಹೆಚ್ಚೆಂಬುದೂ ಅಲ್ಲಿ ತಿಳಿದುಬಂತು. ನಮ್ಮಲ್ಲೂ ಇದಕ್ಕೆ ಸಾಕ್ಷಿಯಿದೆ: ದಾವಣಗೆರೆಯ ಚಿಂದೋಡಿ ಲೀಲಾ ಅವರು ತಂದೆ ವೀರಪ್ಪನವರ ನಾಟಕ ಕಂಪನಿಯಲ್ಲೇ ಬೆಳೆದು ರಂಗಭೂಮಿಗೆ ಬಂದವರು. ನಿಮ್ಮ ಮಗಳಿಗೆ ಕಣ್ಣೆದುರು ಅಂಥ ಮಾದರಿ ಸಿಗಬೇಕಾದರೆ ಕಾಲೇಜೇ ಬೇಕು.

ಇನ್ನು ಹಣದ ಮಾತು. ಪೋಷಕರು ಸಾಮಾನ್ಯವಾಗಿ ನಾಲ್ಕು ವರ್ಷಗಳ ಶುಲ್ಕವನ್ನಷ್ಟೇ ಲೆಕ್ಕ ಹಾಕುತ್ತಾರೆ. ನಿಜವಾದ ಕಷ್ಟ ಪದವಿಯ ನಂತರದ್ದು, ಏಕೆಂದರೆ ಚಿತ್ರಗಳು ಮಾರಾಟವಾಗದ ಆ ಆರಂಭದ ವರ್ಷಗಳಲ್ಲಿ ಉಳ್ಳವರ ಮಕ್ಕಳು ಅಪ್ಪನ ಮನೆಯಲ್ಲಿ ಉಂಡು ಕಾಯುತ್ತಾರೆ, ಇಲ್ಲದವರ ಮಕ್ಕಳು ಸಿಕ್ಕಿದ ಮೊದಲ ಸಂಬಳಕ್ಕೆ ಹೋಗಿಬಿಡುತ್ತಾರೆ. ಆದ್ದರಿಂದ ಮಗಳ ದುಡಿಮೆಯನ್ನು ಎಷ್ಟು ಕಾಲ ನಿರೀಕ್ಷಿಸದೆ ಇರಬಲ್ಲಿರೆಂದು ಮನೆಯವರೆಲ್ಲ ಕೂತು ಈಗಲೇ ಮಾತಾಡಿಕೊಳ್ಳಿ. ಬಡ್ಡಿ ಸಾಲ ಮಾತ್ರ ಬೇಡ. ವಿದ್ಯಾರ್ಥಿವೇತನದ ಬಗ್ಗೆ ಕಾಲೇಜಿನಲ್ಲೇ ವಿಚಾರಿಸಿ. ಜಾಹೀರಾತು, ಮುದ್ರಣ ಕ್ಷೇತ್ರಗಳಲ್ಲಿ ಕೆಲಸಕ್ಕೆ ದಾರಿ ಮಾಡುವ ಅನ್ವಯಿಕ ಕಲೆಯನ್ನು ಕೀಳೆಂದು ಅವಳು ಮೂಗು ಮುರಿಯದಿದ್ದರೆ ನಿಮ್ಮ ಭಾರ ಇನ್ನಷ್ಟು ಇಳಿದೀತು.

ಪ್ರಶ್ನೆ: ಬಡತನವೇ ಕಲಾವಿದರನ್ನು ಹುಟ್ಟಿಸುತ್ತದೆ ಎನ್ನುತ್ತಾರಲ್ಲ? ನಮ್ಮ ತಾಲ್ಲೂಕಿನ ಸಿರಿಯಜ್ಜಿಯೇ ಉದಾಹರಣೆಯಲ್ಲವೆ?
– ಓದುಗ, ಚಳ್ಳಕೆರೆ

ಉತ್ತರ: ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಿಂದ ಹಾಡಿದರು; ಅದಕ್ಕೆ ಕಾರಣ ಹಟ್ಟಿಯ ಹಾಡಿನ ಪರಂಪರೆ ಮತ್ತು ಅವರ ಅಸಾಧಾರಣ ನೆನಪು. ಆ ಶ್ರೇಯಸ್ಸನ್ನು ಬಡತನಕ್ಕೆ ಕೊಡುವುದು ನನಗೆ ಸರಿಕಾಣದು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಗಟಿನಂಥ ಪ್ರಶ್ನೆಗಳಲ್ಲಿ ಎಡವಿದ ಅದೇ ರೈತರು, ಕಟಾವಿನ ಹಣ ಕೈಸೇರಿದ ಮೇಲೆ ಹೆಚ್ಚು ಚೆನ್ನಾಗಿ ಉತ್ತರಿಸಿದ್ದರು.