ಕೇಳಿ, ಹೇಳ್ತೀನಿ: ಕ್ಷೌರದ ಕತ್ತಿ ಮತ್ತು ಚರ್ಮದ ಪಟ್ಟಿ

ಹೋದ ಸಂಚಿಕೆಯಲ್ಲಿ ಮಡಚುವ ಕ್ಷೌರದ ಕತ್ತಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಕೇಳಿದ್ದು ಕತ್ತಿಯ ಬಗ್ಗೆ ಅಲ್ಲ, ಅದನ್ನು ಉಜ್ಜುವ ಚರ್ಮದ ಪಟ್ಟಿ, ಅಂದರೆ ಸ್ಟ್ರಾಪ್ ಬಗ್ಗೆ. ಒಳ್ಳೆಯದೇ ಆಯಿತು. ಮೈಸೂರಿನ ನಮ್ಮ ಅಂಗಡಿಯಲ್ಲಿ ಅಪ್ಪ ನನಗೆ ಮೊದಲು ಕಲಿಸಿದ್ದೂ ಅದನ್ನೇ. ಗಿರಾಕಿಯ ಗಲ್ಲ ಮುಟ್ಟೋಕೆ ಬಿಟ್ಟದ್ದು ಎಷ್ಟೋ ಕಾಲ ಆದ ಮೇಲೆ.

ಅಜ್ಜನ ಟ್ರಂಕಿನಲ್ಲಿ ‘ಸೋಲಿಂಗೆನ್’ ಅಂತ ಬರೆದಿರುವ ಕತ್ತಿ ಸಿಕ್ಕಿತು. ಹೊಸ ಸ್ಟ್ರಾಪ್ ತರಿಸಿ ವಾರದಿಂದ ಉಜ್ಜುತ್ತಿದ್ದೇನೆ. ಗಡ್ಡ ಕತ್ತರಿಸೋದಿಲ್ಲ, ಕೀಳುತ್ತದೆ. ಸ್ಟ್ರಾಪ್ ಸರಿ ಇಲ್ವಾ? – ಓದುಗರು, ಶಿರಸಿ

ಸ್ಟ್ರಾಪ್ ಮೇಲೆ ತಪ್ಪು ಹೊರಿಸಬೇಡಿ. ಸೋಲಿಂಗೆನ್ ಜರ್ಮನಿಯಲ್ಲಿ ಚಾಕು–ಕತ್ತಿಗಳಿಗೇ ಹೆಸರಾದ ಊರು. ಅಜ್ಜನ ಕತ್ತಿಯ ಉಕ್ಕು ಚೆನ್ನಾಗಿಯೇ ಇರಬಹುದು. ಆದರೆ ಬಾಯಿ, ಅಂದರೆ ಕತ್ತರಿಸುವ ಅಂಚು, ಹೋಗಿದೆ. ಹೋದ ಬಾಯಿ ಬರಬೇಕಾದರೆ ಸಾಣೆಕಲ್ಲೇ ಬೇಕು. ಕಲ್ಲು ಉಕ್ಕನ್ನು ಸವೆಸಿ ಹೊಸ ಬಾಯಿ ಕೂರಿಸುತ್ತದೆ. ಚರ್ಮ ಇರುವ ಬಾಯಿಯನ್ನು ನೆಟ್ಟಗೆ ಮಾಡಿ ನಯ ಮಾಡುತ್ತದೆ, ಅಷ್ಟೇ.

2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಗಡ್ಡ ಹೆರೆದ ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುತ್ತದೆ. ಆದರೂ ಅದು ಓರೆಯಾಗಿ ಬಾಗಿ ತಾಗಿದರೆ ಬ್ಲೇಡಿನ ಅಂಚಿನಿಂದ ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರು ಸಿಡಿದು ಹೋಗುತ್ತದೆ. ಅವರು ನೋಡಿದ್ದು ಬಳಸಿ ಬಿಸಾಡುವ ರೇಜರಿನ ಬ್ಲೇಡು. ನಮ್ಮ ಕತ್ತಿಯೂ ಉಕ್ಕೇ ತಾನೇ. ಬಾಗಿದ ಅಂಚನ್ನು ಚರ್ಮ ನೆಟ್ಟಗೆ ಮಾಡಬಹುದು, ಸಿಡಿದು ಹೋದದ್ದನ್ನು ಎಲ್ಲಿಂದ ತರುತ್ತದೆ?

ಕತ್ತಿಯ ಬಾಯಿ ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಅಂಚಿನಲ್ಲಿ ಬಿಳಿ ಗೆರೆ ಮಿನುಗಿದರೆ ಅಲ್ಲಿ ಮೊಂಡು. ಬಾಯಿಯ ಪಕ್ಕದಲ್ಲೇ ತುಕ್ಕು ಗುಳಿ ಬಿದ್ದಿದ್ದರೆ ಆಸೆ ಬಿಡಿ, ಅಜ್ಜನ ನೆನಪಿಗೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕ್ಷೌರದ ಕತ್ತಿಗೇ ಕಲ್ಲು ಹಿಡಿಯುವವರ ಹತ್ತಿರ ಕೊಡಿ. ಬೀದಿಯಲ್ಲಿ ಚಕ್ರ ತಿರುಗಿಸುತ್ತಾ ಬರುವವರಿಗೆ ಮಾತ್ರ ಬೇಡ. ಈಳಿಗೆಮಣೆಗೆ, ಕತ್ತರಿಗೆ ಅವರ ಕೆಲಸ ಚೆನ್ನ. ಇಷ್ಟು ತೆಳು ಅಲಗು ಆ ಚಕ್ರದ ಬಿಸಿಗೆ ಹದ ಕಳೆದುಕೊಳ್ಳುತ್ತದೆ.

ಅಣ್ಣಾ, ವಿಡಿಯೊದಲ್ಲಿ ನೋಡಿ ಟಕಟಕ ಉಜ್ಜಿದೆ. ಹೊಸ ಸ್ಟ್ರಾಪ್ ಎರಡು ಕಡೆ ಕುಯ್ದುಹೋಯಿತು. ಸರಿಯಾದ ಕ್ರಮ ಹೇಳಿ. ಎಷ್ಟು ಸಲ ಉಜ್ಜಬೇಕು? – ಓದುಗ, ಬೆಂಗಳೂರು

ಮೊದಲು ಆ ಟಕಟಕ ಬಿಡಿ ತಮ್ಮಾ. ಆ ವೇಗ ಗಿರಾಕಿಗೆ ತೋರಿಸೋಕೆ. ಕತ್ತಿಗೆ ಅದರಿಂದ ಏನೂ ಲಾಭವಿಲ್ಲ.

ಪಟ್ಟಿಯ ಒಂದು ತುದಿಯನ್ನು ಗಟ್ಟಿ ಕೊಕ್ಕೆಗೆ ಹಾಕಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಪಟ್ಟಿ ಜೋತು ಬೀಳಬಾರದು. ಜೋತು ಬಿದ್ದರೆ ಚರ್ಮ ಬಾಯಿಯ ಸುತ್ತ ಬಾಗಿ ಅದನ್ನು ಗುಂಡಗೆ ಮಾಡುತ್ತದೆ. ಹರಿತವಾಗಲಿ ಅಂತ ಉಜ್ಜಿದ್ದು ಮೊಂಡಾಗುವುದು ಹೀಗೇ. ಕತ್ತಿಯನ್ನು ಪೂರ್ತಿ ಮಲಗಿಸಿ. ಬೆನ್ನೂ ಬಾಯಿಯೂ ಒಟ್ಟಿಗೆ ಚರ್ಮಕ್ಕೆ ತಾಗಬೇಕು. ಎಷ್ಟು ಓರೆ ಇಡಬೇಕು ಅನ್ನೋ ಲೆಕ್ಕ ನಿಮಗೆ ಬೇಡ, ಬೆನ್ನಿನ ದಪ್ಪವೇ ಅದನ್ನು ನೋಡಿಕೊಳ್ಳುತ್ತದೆ.

ಇನ್ನು ಎಳೆಯುವುದು. ಬೆನ್ನು ಮುಂದೆ, ಬಾಯಿ ಹಿಂದೆ. ಕಲ್ಲಿನ ಮೇಲೆ ಬಾಯಿ ಮುಂದೆ ಹೋಗುತ್ತದೆ, ಚರ್ಮದ ಮೇಲೆ ಪೂರ್ತಿ ಉಲ್ಟಾ. ತುದಿ ತಲುಪಿದಾಗ ಮೊದಲು ಕತ್ತಿಯನ್ನು ನಿಲ್ಲಿಸಿ. ಆಮೇಲೆ ಬೆನ್ನನ್ನು ಚರ್ಮದಿಂದ ಎತ್ತದೆ, ಬೆನ್ನಿನ ಮೇಲೇ ಹೊರಳಿಸಿ. ಹೊರಳಿಸುವುದು ಬೆರಳುಗಳಲ್ಲಿ, ಮಣಿಕಟ್ಟು ತಿರುಗಿಸಬಾರದು. ನಿಮ್ಮ ಪಟ್ಟಿ ಕುಯ್ದದ್ದು ಇಲ್ಲೇ ಅಂತ ನನ್ನ ಲೆಕ್ಕ. ಕತ್ತಿ ಇನ್ನೂ ಓಡುತ್ತಿರುವಾಗಲೇ ಹೊರಳಿಸಿದ್ದೀರಿ, ಬಾಯಿ ಮೊದಲು ಚರ್ಮಕ್ಕೆ ಇಳಿದಿದೆ.

ಭಾರ ಹಾಕಬೇಡಿ, ಕತ್ತಿಯ ತೂಕವೇ ಸಾಕು. 3 ಇಂಚು ಅಗಲದ ಪಟ್ಟಿಯಾದರೆ ನೇರ ಎಳೆಯಬಹುದು. ಅದಕ್ಕಿಂತ ಸಣ್ಣದಾದರೆ ಎಳೆಯುತ್ತಾ ಸ್ವಲ್ಪ ಓರೆಗೆ ಜಾರಿಸಿ, ಬುಡದಿಂದ ತುದಿವರೆಗೆ ಇಡೀ ಬಾಯಿ ಚರ್ಮಕ್ಕೆ ತಾಗಬೇಕು. ಪ್ರತಿ ಸಲ ಗಡ್ಡ ಹೆರೆಯುವ ಮುಂಚೆ ಸ್ಟ್ರಾಪಿನ ಜೊತೆಗಿರುವ ಬಟ್ಟೆಯ ಪಟ್ಟಿಯ ಮೇಲೆ 20–30, ಚರ್ಮದ ಮೇಲೆ 50 ಸುತ್ತು ಸಾಕು. ಹೋಗಿ ಬಂದರೆ ಒಂದು ಸುತ್ತು. ಸೋಪು ಹಚ್ಚಿದ ಮೇಲೆ ಉಜ್ಜಲು ಹೋಗಬೇಡಿ, ಅವಸರ ಬಂದೇ ಬರುತ್ತದೆ.

ಕುಯ್ದ ಜಾಗ ಬರೀ ಗೀರಾಗಿದ್ದರೆ ನಯವಾದ ಮರಳುಕಾಗದದಲ್ಲಿ ತಿಕ್ಕಿ ಮಟ್ಟ ಮಾಡಿ, ನಡೆಯುತ್ತದೆ. ಸಿಪ್ಪೆ ಎದ್ದಿದ್ದರೆ ಆ ಸಿಪ್ಪೆಯನ್ನು ಅಂಟಿಸಿ, ಒಣಗಿಸಿ, ಆಮೇಲೆ ತಿಕ್ಕಿ. ಅಂಚಿನಲ್ಲಿ ಆಳವಾಗಿ ಕುಯ್ದಿದ್ದರೆ ಆ ಪಟ್ಟಿ ಮುಗೀತು. ಕಲಿಯುವವರಿಗೆ ದುಬಾರಿ ಸ್ಟ್ರಾಪ್ ಬೇಡ ಅನ್ನೋದು ಇದಕ್ಕೇ.

ಮಳೆಗಾಲದಲ್ಲಿ ನಮ್ಮಲ್ಲಿ ಸ್ಟ್ರಾಪಿಗೆ ಬೂಷ್ಟು ಬರುತ್ತದೆ. ಎಣ್ಣೆ ಹಚ್ಚಿಡಬಹುದಾ? – ಓದುಗರು, ಮಡಿಕೇರಿ

ಎಣ್ಣೆ ಜಾಸ್ತಿಯಾದರೆ ಪಟ್ಟಿ ಮೆತ್ತಗಾಗಿ ಹಿಗ್ಗುತ್ತದೆ. ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ತೂಗುಹಾಕಿ. ಬಿಸಿಲು, ಒಲೆ ಎರಡೂ ಬೇಡ, ಚರ್ಮ ಬಿರಿಯುತ್ತದೆ. ಬಚ್ಚಲುಮನೆಯಲ್ಲಿ ಇಡೋದಂತೂ ಬೇಡವೇ ಬೇಡ. ದಿನಾ ಉಜ್ಜುವ ಮುಂಚೆ ಒಣಗಿದ, ತೊಳೆದ ಅಂಗೈಯನ್ನು ಪಟ್ಟಿಯುದ್ದಕ್ಕೂ ಬಿಸಿಯಾಗುವ ಹಾಗೆ ಎಳೆಯಿರಿ. ಧೂಳು ಹೋಗುತ್ತದೆ, ಕೈಯ ಜಿಡ್ಡೇ ಚರ್ಮಕ್ಕೆ ಸಾಕಾಗುತ್ತದೆ. ಅಪ್ಪ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಇದನ್ನು ಮಾಡುತ್ತಿದ್ದರು, ಊದುಬತ್ತಿ ಹಚ್ಚೋದಕ್ಕೂ ಮುಂಚೆ.

ಕತ್ತಿಯನ್ನು ಮಾತ್ರ ಎಣ್ಣೆ ಹಚ್ಚಿಯೇ ಇಡಿ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸಾಕು. ಬಾಯಿ, ಬೆನ್ನು, ಕೀಲು ಎಲ್ಲಕ್ಕೂ ತೆಳ್ಳಗೆ ಸವರಿ. ಚರ್ಮದ ಚೀಲದಲ್ಲಿ ಇಡಬೇಡಿ. ನಿಮ್ಮ ಕಡೆಯ ಮಳೆಗೆ ಚೀಲ ತೇವ ಹಿಡಿದುಕೊಳ್ಳುತ್ತದೆ, ಕತ್ತಿಗೆ ತುಕ್ಕು ಗ್ಯಾರಂಟಿ. ಬಳಸುವಾಗ ಎಣ್ಣೆ ಪೂರ್ತಿ ಒರೆಸಿ, ಆಮೇಲೆ ಪಟ್ಟಿಗೆ ತಾಗಿಸಿ.

ಹಳೇ ಸೊಂಟದ ಬೆಲ್ಟು ನಡೆಯುತ್ತದಾ ಸರ್? – ಓದುಗರು, ದಾವಣಗೆರೆ

ನಡೆಯುತ್ತದೆ, ಅಸಲಿ ಚರ್ಮವಾಗಿದ್ದರೆ. ಬೆಲ್ಟಿನ ತುದಿಯನ್ನು ಸ್ವಲ್ಪ ಕತ್ತರಿಸಿ ನೋಡಿ. ಒಳಗೂ ಕಂದು ಬಣ್ಣವಿದ್ದರೆ ಮರದ ತೊಗಟೆಯಲ್ಲಿ ಹದ ಮಾಡಿದ್ದಿರಬಹುದು. ನೀಲಿ–ಬೂದು ಕಂಡರೆ ಕ್ರೋಮ್ ಅನ್ನೋ ರಾಸಾಯನಿಕ ಹಾಕಿ ಹದ ಮಾಡಿದ್ದು. ನನ್ನ ಓಟು ತೊಗಟೆ ಚರ್ಮಕ್ಕೆ, ಅದರಲ್ಲಿ ಬಿಗಿ ಇರುತ್ತದೆ. ದಕ್ಷಿಣದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಹಾಕಿ ಚರ್ಮ ಹದ ಮಾಡುವುದು ಹಳೇ ಕಸುಬು. ಹೊಲಿಗೆ, ಹೂವಿನ ಕೆತ್ತನೆ, ಕಂಪನಿಯ ಅಚ್ಚು ಇರುವ ಬೆಲ್ಟು ಬೇಡ. ಉಬ್ಬು ತಗ್ಗು ಇದ್ದರೆ ಬಾಯಿ ಕೆಡುತ್ತದೆ. ಬೆಲ್ಟು ಸಣ್ಣದಾದ್ದರಿಂದ ಮೇಲೆ ಹೇಳಿದ ಓರೆ ಜಾರಿಸುವಿಕೆ ತಪ್ಪಿಸಬೇಡಿ.

ಹಸಿರು ಪೇಸ್ಟ್ ಹಚ್ಚಿದರೆ ಕಲ್ಲೇ ಬೇಡ ಅಂತಾರೆ, ನಿಜವಾ? – ಓದುಗರು, ತುಮಕೂರು

ಅದು ಕ್ರೋಮಿಯಂ ಆಕ್ಸೈಡ್, ಉಕ್ಕನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತದೆ. ಕಲ್ಲಿಗೆ ಹೋಗುವುದನ್ನು ಮುಂದೂಡಬಹುದು, ಪೂರ್ತಿ ತಪ್ಪಿಸಲಾಗದು. ಅದಕ್ಕೆ ಬೇರೆಯೇ ಪಟ್ಟಿ ಇಡಿ, ಕತ್ತಿ ಗಡ್ಡ ಕೀಳಲು ಶುರುಮಾಡಿದಾಗ ಹತ್ತು ಸುತ್ತು ಎಳೆಯಿರಿ. ದಿನಾ ಬಳಸುವ ಪಟ್ಟಿಗೆ ಒಮ್ಮೆ ಹಚ್ಚಿದರೆ ಮತ್ತೆ ತೆಗೆಯೋಕಾಗಲ್ಲ.

ನಮ್ಮೂರ ಸಲೂನಿನಲ್ಲಿ ಹಳೇ ಕತ್ತಿಯಲ್ಲಿ ಶೇವ್ ಮಾಡಿ ಅಂದರೆ ಒಪ್ಪುವುದಿಲ್ಲ. ಕೆಲಸ ಮರೆತಿದ್ದಾರಾ? – ಓದುಗರು, ಹಾಸನ

ಮರೆತಿಲ್ಲ, ಸರಿಯಾಗಿಯೇ ಮಾಡುತ್ತಿದ್ದಾರೆ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುವ ಕಾಯಿಲೆಗಳು. ಕತ್ತಿಯನ್ನಾದರೂ ಶುಚಿ ಮಾಡಬಹುದು. ಚರ್ಮದ ಪಟ್ಟಿಯನ್ನು ಕುದಿಸೋಕಾಗುತ್ತದಾ? ಒಂದೇ ಪಟ್ಟಿಯ ಮೇಲೆ ಎಲ್ಲರ ಕತ್ತಿ ಓಡಬಾರದು. ಅದಕ್ಕೇ ಈಗ ಪ್ರತಿ ಗಿರಾಕಿಗೂ ಹೊಸ ಬ್ಲೇಡನ್ನು ಮುರಿದು ಅರ್ಧ ಹಾಕುತ್ತಾರೆ. ನಾವೂ ಅಂಗಡಿಯಲ್ಲಿ ಹಾಗೇ ಬದಲಾದೆವು. ನಿಮಗೆ ಅಷ್ಟೂ ಆಸೆಯಿದ್ದರೆ ನಿಮ್ಮದೇ ಕತ್ತಿ, ನಿಮ್ಮದೇ ಪಟ್ಟಿ ತೆಗೆದುಕೊಂಡು ಹೋಗಿ, ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ. ಭಾನುವಾರ ಬೆಳಿಗ್ಗೆ ಮಾತ್ರ ಹೋಗಬೇಡಿ. ಬೆಂಚಿನ ಮೇಲೆ ಕಾಯುತ್ತಾ ಕೂತವರು ನಿಮ್ಮನ್ನು ಸುಮ್ನೆ ಬಿಡಲ್ಲ.