ತಲೆಗೆ ಕರೆಂಟು ಕೊಟ್ಟರೆ ವಯಸ್ಸಾದವರಿಗೆ ದಾರಿ ನೆನಪಿರುತ್ತದೆಯೇ?

ನಿಮ್ಮ ತಂದೆಗೆ 72. ಅರಸೀಕೆರೆಯಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿದ್ದವರು ಬೆಂಗಳೂರಿನ ನಿಮ್ಮ ಮನೆಗೆ ಬಂದಮೇಲೆ ವಾಕಿಂಗ್ ಹೋಗಿ ಬೇರೆ ಯಾವುದೋ ಕ್ರಾಸಿಗೆ ತಿರುಗಿಬಿಡುತ್ತಾರೆ. ಆನ್‌ಲೈನಿನಲ್ಲಿ ಹಣೆಗೆ ಕಟ್ಟಿಕೊಳ್ಳುವ ಕರೆಂಟಿನ ಪಟ್ಟಿ ಸಿಗುತ್ತಂತೆ, ತರಿಸಲೇ ಅಂತ ಕೇಳಿದ್ದೀರಿ. ತರಿಸಬೇಡಿ. ಹಾಗಂತ ಅದರ ಹಿಂದಿನದೆಲ್ಲ ಬುರುಡೆ ಅಂತಲೂ ಅಲ್ಲ. ಇಂಥ ಪ್ರಯೋಗ ನಡೆಯುವ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾವು ಎಲ್ಲಿದ್ದೇವೆ, ಯಾವ ಕಡೆ ಹೋಗಬೇಕು ಎಂಬ ಲೆಕ್ಕ ಇಡುವುದರಲ್ಲಿ ಹಿಪೊಕ್ಯಾಂಪಸ್ ಮತ್ತು ಅದಕ್ಕೆ ಅಂಟಿಕೊಂಡಿರುವ ಎಂಟೊರೈನಲ್ ಕಾರ್ಟೆಕ್ಸ್ ದೊಡ್ಡ ಪಾಲುದಾರರು. ಅಲ್ಲಿ ಈ ಲೆಕ್ಕ ಇಡುವ ಜೀವಕೋಶಗಳನ್ನು ಗುರುತಿಸಿದ್ದಕ್ಕೇ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ 2014ರ ನೊಬೆಲ್ ಬಂದದ್ದು. ಅಲ್ಝೈಮರ್ ಕಾಯಿಲೆ ಮೊದಮೊದಲು ಕೈಹಾಕುವ ಜಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸೂ ಒಂದು. ತೊಂದರೆ ಏನೆಂದರೆ ಇವೆರಡೂ ಇರುವುದು ಮೆದುಳಿನ ಒಳಗೆ, ಆಳದಲ್ಲಿ. ಹಣೆಪಟ್ಟಿಯಿಂದ ಒಂದೆರಡು ಮಿಲಿಆಂಪಿಯರ್ ಬಿಟ್ಟರೆ ಅದರಲ್ಲಿ ಬಹುಪಾಲು ಚರ್ಮ, ತಲೆಬುರುಡೆಯಲ್ಲೇ ಸೋರಿಹೋಗುತ್ತದೆ. ಒಳಗೆ ಇಳಿದ ಚೂರುಪಾರೂ ಹೆಚ್ಚಾಗಿ ಮೇಲ್ಪದರದಲ್ಲೇ ಹರಡಿಕೊಳ್ಳುತ್ತದೆ.

ನೇರವಾಗಿ ಒಳಗೇ ಕರೆಂಟು ಕೊಟ್ಟು ನೋಡಿದವರೂ ಇದ್ದಾರೆ. ಲಾಸ್ ಏಂಜಲಿಸ್‌ನಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಮೊದಲೇ ಮೆದುಳಿನೊಳಗೆ ಎಲೆಕ್ಟ್ರೋಡ್ ಇಡಿಸಿಕೊಂಡಿದ್ದ ಏಳು ಜನರಿಗೆ ಕಂಪ್ಯೂಟರಿನಲ್ಲಿ ಟ್ಯಾಕ್ಸಿ ಓಡಿಸುವ ಆಟ ಕೊಟ್ಟರು. ಪ್ರಯಾಣಿಕರನ್ನು ಹತ್ತಿಸಿಕೊಂಡು ಅಂಗಡಿಗಳಿಗೆ ಬಿಡಬೇಕು. ಎಂಟೊರೈನಲ್ ಭಾಗಕ್ಕೆ ಕರೆಂಟು ಕೊಡುತ್ತಾ ಕಲಿಸಿದ ಅಂಗಡಿಗಳಿಗೆ ಆಮೇಲೆ ಬೇಗ, ಹತ್ತಿರದ ದಾರಿಯಲ್ಲಿ ಮುಟ್ಟಿದರು. 2012ರಲ್ಲಿ ಇದು ದೊಡ್ಡ ಸುದ್ದಿಯಾಯಿತು. 2016ರಲ್ಲಿ ಇನ್ನೊಂದು ತಂಡ ಇಂಥದೇ 49 ರೋಗಿಗಳಲ್ಲಿ ನೋಡಿದಾಗ ನೆನಪು ಸುಧಾರಿಸುವುದಿರಲಿ, ಕೆಟ್ಟಿತು. ಎಷ್ಟು ಕರೆಂಟು, ಯಾವ ಲಯದಲ್ಲಿ, ಕರಾರುವಾಕ್ಕಾಗಿ ಯಾವ ಎಳೆಗೆ ತಾಗಿತು ಎನ್ನುವುದರ ಮೇಲೆ ಫಲ ತಿರುಗುಮುರುಗು ಆಗುತ್ತದೆ. ಜಾಹೀರಾತಿನವರು ಮೊದಲನೆಯ ಸುದ್ದಿಯನ್ನಷ್ಟೇ ಓದಿರುತ್ತಾರೆ!

ನನಗೆ ನಿಜಕ್ಕೂ ಆಸೆ ಹುಟ್ಟಿಸಿರುವುದು ಸ್ವಿಟ್ಜರ್ಲೆಂಡಿನ ಕೆಲಸ. ತಲೆ ಕೊರೆಯದೆ ಆಳಕ್ಕೆ ಮುಟ್ಟುವ ಉಪಾಯ. ಎರಡು ಜೊತೆ ಎಲೆಕ್ಟ್ರೋಡ್ ಇಟ್ಟು ಒಂದರಲ್ಲಿ 2000 ಹರ್ಟ್ಝ್ (ಅಂದರೆ ಸೆಕೆಂಡಿಗೆ 2000 ಸಲ ಏರಿಳಿಯುವ ಕರೆಂಟು), ಇನ್ನೊಂದರಲ್ಲಿ 2005 ಹರ್ಟ್ಝ್ ಬಿಟ್ಟರು ಅಂದುಕೊಳ್ಳಿ. ಅಷ್ಟು ವೇಗಕ್ಕೆ ನರಕೋಶಗಳು ಹೆಚ್ಚಾಗಿ ಸ್ಪಂದಿಸುವುದಿಲ್ಲ. ತಂಬೂರಿಯ ಎರಡು ತಂತಿ ಕೂದಲೆಳೆಯಷ್ಟು ಹೊಂದದೆ ಹೋದಾಗ ನಾದ ಏರಿ ಇಳಿದು ತೂಗುತ್ತದಲ್ಲ, ಹಾಗೆ ಎರಡೂ ಒಳಗೆ ಕೂಡುವ ಜಾಗದಲ್ಲಿ ಮಾತ್ರ ಸೆಕೆಂಡಿಗೆ ಐದರ ಏರಿಳಿತ ಹುಟ್ಟುತ್ತದೆ. ಕೋಶಗಳಿಗೆ ಕೇಳಿಸುವುದು ಅದು. ಅಲ್ಲಿನ ನರವಿಜ್ಞಾನಿ ಫ್ರೀಡ್‌ಹೆಲ್ಮ್ ಹುಮ್ಮೆಲ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30 ಜನ ಹೀಗೆ ಕರೆಂಟು ಹಾಕಿಸಿಕೊಂಡು ಕೃತಕ ಬಯಲಿನಲ್ಲಿ ವಸ್ತುಗಳಿದ್ದ ಜಾಗ ಹುಡುಕಿದರು. ನೆನಪಿಸಿಕೊಳ್ಳಲು ಹಿಡಿಯುವ ಸಮಯ ಕಡಿಮೆಯಾಯಿತು. ಆದರೆ ಅವರೆಲ್ಲ ಆರೋಗ್ಯವಂತರು. ನಿಮ್ಮ ತಂದೆಯ ವಯಸ್ಸಿನ, ಮರೆವು ಶುರುವಾದವರ ಪರೀಕ್ಷೆ ಅದಲ್ಲ.

ವಯಸ್ಸಾದವರ ಮೇಲೇ ನಡೆದ ಹೆಸರುವಾಸಿ ಅಧ್ಯಯನ ಬೋಸ್ಟನ್ನಿನದು, 2022ರದು. 65ರಿಂದ 88 ವರ್ಷದ 150 ಜನ, ನಾಲ್ಕು ದಿನ, ದಿನಕ್ಕೆ 20 ನಿಮಿಷ ತಲೆಯ ಹೊರಗಿನಿಂದ ಕರೆಂಟು. ಫಲ ಒಂದು ತಿಂಗಳವರೆಗೂ ಉಳಿಯಿತು. ಆದರೆ ಅಲ್ಲಿ ಅಳೆದದ್ದು ಪದಗಳ ಪಟ್ಟಿ ನೆನಪಿರುತ್ತದೆಯೇ ಎಂದು. ದಾರಿಯ ಮಾತೇ ಇಲ್ಲ.

ಇನ್ನು ‘ನನಗೆ ಉಪಯೋಗ ಆಯ್ತು’ ಎಂಬ ರಿವ್ಯೂಗಳು. ಲ್ಯಾಬಿನಲ್ಲಿ ಉಪ್ಪುನೀರಲ್ಲಿ ಅದ್ದಿದ ಸ್ಪಂಜನ್ನು ರಬ್ಬರ್ ಪಟ್ಟಿಯಿಂದ ತಲೆಗೆ ಬಿಗಿಯುತ್ತೇವೆ. ಶುರುವಿಗೆ ಇರುವೆ ಕಚ್ಚಿದಂತೆ ಚುರುಗುಡುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಹೋಲಿಸಿ ನೋಡಲೆಂದು ಅರ್ಧ ಜನರಿಗೆ ಅರ್ಧ ನಿಮಿಷದಲ್ಲೇ ಕರೆಂಟು ಆಫ್; ಅವರಿಗೆ ಗೊತ್ತಾಗುವುದಿಲ್ಲ. ಹಾಗೆ ಬರೀ ಸ್ಪಂಜು ಕಟ್ಟಿಸಿಕೊಂಡು ಕೂತಿದ್ದ ಹಿರಿಯರೊಬ್ಬರು ಎದ್ದು, ‘ತಲೆ ಹಗುರ ಆಯ್ತು ಕಣಪ್ಪಾ, ನಾಳೆ ನಮ್ಮ ಮನೆಯವಳನ್ನೂ ಕರ್ಕೊಂಡು ಬರ್ತೀನಿ’ ಅಂದಿದ್ದರು. ಪರೀಕ್ಷೆಯಲ್ಲೂ ಅವರ ಅಂಕ ಮೊದಲಿಗಿಂತ ಹೆಚ್ಚಾಗಿತ್ತು, ಎರಡನೇ ಸಲ ಎಲ್ಲರದೂ ಸ್ವಲ್ಪ ಹೆಚ್ಚಾಗುತ್ತದೆ. ಮನೆಯಲ್ಲಿ ಪಟ್ಟಿ ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ನೋಡುವ ದಾರಿಯೇ ಇಲ್ಲ. ಸ್ಪಂಜು ಒಣಗಿದರೆ ಚರ್ಮ ಸುಡಲೂಬಹುದು. ಪೇಸ್‌ಮೇಕರ್ ಇದ್ದರೆ, ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ಮುಟ್ಟಲೂಬಾರದು.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಅವರು ತಪ್ಪುತ್ತಿರುವುದು ಹೊಸ ಬಡಾವಣೆಯಲ್ಲಿ. ವಯಸ್ಸಾದಂತೆ ಹೊಸ ಜಾಗದ ನಕ್ಷೆಯನ್ನು ತಲೆಯಲ್ಲಿ ಕಟ್ಟಿಕೊಳ್ಳುವುದು ಬಹಳ ಜನರಿಗೆ ನಿಧಾನವಾಗುತ್ತದೆ. ಹಳೆಯ, ಕಾಲಿಗೆ ರೂಢಿಯಾದ ದಾರಿ ಉಳಿದಿರುತ್ತದೆ. ಅದರ ಮೇಲೆ ನಮ್ಮ ಲೇಔಟುಗಳು: ಏಳನೇ ಕ್ರಾಸೂ ಎಂಟನೇ ಕ್ರಾಸೂ ಒಂದೇ ಥರ, ಅದೇ ಪೇಂಟು, ಅದೇ ಗೇಟು, ಅದೇ ಹೊಂಗೆ ಮರ. ಅರಸೀಕೆರೆಗೆ ಹೋದಾಗ ಹಳೆಯ ಬೀದಿಯಲ್ಲೂ ತಡವರಿಸುತ್ತಾರೆಯೇ? ಮನೆಯೊಳಗೆ ರಾತ್ರಿ ಬಚ್ಚಲು ಯಾವ ಕಡೆ ಅಂತ ಹುಡುಕುತ್ತಾರೆಯೇ? ಹೌದಾದರೆ ತಡಮಾಡದೆ ನಿಮ್ಹಾನ್ಸ್‌ಗೋ ಹತ್ತಿರದ ನರರೋಗ ತಜ್ಞರ ಬಳಿಗೋ ಕರೆದುಕೊಂಡು ಹೋಗಿ. ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲ ಶುರುವಾಗಿದ್ದರೆ ಅದು ಅವತ್ತೇ ಆಸ್ಪತ್ರೆಗೆ ಓಡಬೇಕಾದ ವಿಷಯ.

ಹೊಸ ಜಾಗದಲ್ಲಿ ಮಾತ್ರ ಅಂದರೆ, ಒಂದಷ್ಟು ದಿನ ನೀವೂ ಜೊತೆಗೆ ಹೋಗಿ, ಆದರೆ ಅವರೇ ಮುಂದೆ ನಡೆಯಲಿ. ತಿರುವು ಬಂದಾಗ ನೀವು ಹೇಳುವ ಮೊದಲು ಅವರು ಹೇಳಲಿ. ಗಣಪತಿ ಗುಡಿ, ಹಾಲಿನ ಬೂತು, ಟ್ರಾನ್ಸ್‌ಫಾರ್ಮರ್, ಇಂಥ ಗುರುತುಗಳನ್ನು ಅವರೇ ಆರಿಸಿಕೊಳ್ಳಲಿ. ನಡಿಗೆಯಿಂದಲೂ ಲಾಭವಿದೆ: 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ವರ್ಷ ಬಿರುಸಾಗಿ ನಡೆದ ಹಿರಿಯರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಹೇಗೂ ಒಮ್ಮೆ ಬಿ12, ಥೈರಾಯ್ಡ್, ಕಣ್ಣು, ಕಿವಿ ತೋರಿಸಿಬಿಡಿ. ಡಾಕ್ಟರ ಬಳಿ ಹೋಗುವಾಗ ಅವರು ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ನಿದ್ದೆಗೆ, ಅಲರ್ಜಿಗೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೇ ವಯಸ್ಸಾದವರ ನೆನಪನ್ನು ಮಂಕು ಮಾಡುತ್ತವೆ.