ಏನು ಕಮ್ಮಿ ಇತ್ತು ಅವನಿಗೆ?

ಓದುಗರ ಪತ್ರ: ‘ಆತ್ಮಹತ್ಯೆ ಮಾಡಿಕೊಂಡ ಆ ನಟನ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಬರೆದಿದ್ದೀರಿ. ದುಡ್ಡು, ಹೆಸರು, ಅಭಿಮಾನಿಗಳು, ಎಲ್ಲ ಇದ್ದವನಿಗೆ ಏನು ಕಮ್ಮಿ ಇತ್ತು? ಕೂಲಿ ಮಾಡಿ ಬದುಕುವವರಿಗೆ ಬಾರದ ಖಿನ್ನತೆ ಇವರಿಗೆ ಎಲ್ಲಿಂದ ಬರುತ್ತದೆ? ಬದುಕಿರುವ ಸ್ಟಾರ್‌ಗಳು ನನಗೂ ಡಿಪ್ರೆಶನ್ ಅನ್ನುವುದು ಬರೀ ಪ್ರಚಾರ. ದಯವಿಟ್ಟು ಸತ್ತವರನ್ನು ಹೀರೋ ಮಾಡಬೇಡಿ. ನಮ್ಮ ಮನೆಯ ಹುಡುಗನೂ ಮೂರು ವಾರದಿಂದ ರಾತ್ರಿಯೆಲ್ಲ ಅವನದೇ ವಿಡಿಯೊ ನೋಡುತ್ತಾ ಕೂತಿರುತ್ತಾನೆ.’ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಯಿತು. ಅದರಲ್ಲಿ ಒಂದು ಪಾಲು ನಮಗೆ ಸಲ್ಲಬೇಕಾದದ್ದೇ. ಮೊದಲು ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಹೀರೋ ಮಾಡಬೇಡಿ ಎಂದಿರಿ. ಆ ಸಂಚಿಕೆಯನ್ನು ಮತ್ತೆ ತೆರೆದು ನೋಡಿದೆ. ಇಡೀ ಪುಟ ಅವರ ನಗುಮುಖ, ಹಿಂದೆ ಹೊನ್ನಿನ ಬಣ್ಣದ ಬೆಳಕು, ಮೇಲೆ ದಪ್ಪಕ್ಷರದಲ್ಲಿ ‘ಕೊನೆಗೂ ನೆಮ್ಮದಿ’. ಆ ಶೀರ್ಷಿಕೆಗೆ ಒಪ್ಪಿಗೆ ಕೊಟ್ಟವನು ನಾನೇ. ರಾತ್ರಿ ಹತ್ತೂವರೆಗೆ, ಪುಟ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ, ‘ಚೆನ್ನಾಗಿದೆ, ಹಾಕಿ’ ಅಂದಿದ್ದೆ. ಈಗ ಓದಿದರೆ ಬೆನ್ನು ತಣ್ಣಗಾಗುತ್ತದೆ. ಸಾವೇ ನೆಮ್ಮದಿ ಅಂತ ನಾವು ಅಚ್ಚು ಹಾಕಿದ್ದೇವೆ, ಅಲ್ವಾ? ಅದೇ ಯೋಚನೆಯಲ್ಲಿ ಒದ್ದಾಡುತ್ತಿರುವ ಒಬ್ಬ ಓದುಗನ ಕೈಗೆ ಆ ಪುಟ ಸಿಕ್ಕಿದ್ದರೆ?

ಇದು ನನ್ನ ಸುಮ್ನೆ ಹೆದರಿಕೆ ಅಲ್ಲ. 1962ರ ಆಗಸ್ಟ್‌ನಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೀರಿಕೊಂಡ ತಿಂಗಳು ಅಮೆರಿಕದಲ್ಲಿ ಆತ್ಮಹತ್ಯೆಗಳು ಸುಮಾರು ನೂರಕ್ಕೆ ಹನ್ನೆರಡರಷ್ಟು ಏರಿದ್ದವು. 2014ರ ಆಗಸ್ಟ್‌ನಲ್ಲಿ ಹಾಸ್ಯನಟ ರಾಬಿನ್ ವಿಲಿಯಮ್ಸ್ ಹೋದರು. ಆ ವರ್ಷದ ಉಳಿದ ಐದು ತಿಂಗಳಲ್ಲಿ ಅಮೆರಿಕದಲ್ಲಿ ಸಾಮಾನ್ಯ ಲೆಕ್ಕಕ್ಕಿಂತ 1,841 ಆತ್ಮಹತ್ಯೆ ಜಾಸ್ತಿ ಆದವು ಎಂದು ಸಂಶೋಧಕರು ಆಮೇಲೆ ಕಂಡುಕೊಂಡರು. ಉಲ್ಟಾ ಉದಾಹರಣೆಯೂ ಇದೆ. ಆಸ್ಟ್ರಿಯಾದ ವಿಯೆನ್ನಾ ನಗರದ ಸುರಂಗ ರೈಲಿನಲ್ಲಿ ಇಂಥ ಸಾವುಗಳು ಏರುತ್ತಾ ಹೋಗಿ, ಪತ್ರಿಕೆಗಳು ಅದನ್ನು ರೋಚಕವಾಗಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರು ಹೇಗೆ ಬರೆಯಬೇಕು, ಏನು ಬರೆಯಬಾರದು ಅಂತ ತಿಳಿಸಿ ಹೇಳಿದರು, ಪತ್ರಿಕೆಗಳು ಕೇಳಿದವು. ಅಲ್ಲಿನ ಸಾವುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಯಾರೂ ಹೊಸ ಔಷಧಿ ಕಂಡುಹಿಡಿದಿರಲಿಲ್ಲ. ಬರೆಯುವ ರೀತಿ ಬದಲಾಯಿತು, ಅಷ್ಟೇ.

ಹಾಗಾಗಿ ಆ ಪುಟಕ್ಕೆ ಕ್ಷಮೆ ಕೇಳುತ್ತೇನೆ. ಬರೆದದ್ದಕ್ಕಲ್ಲ, ಹಾಗೆ ಬರೆದದ್ದಕ್ಕೆ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಏನು ಕಮ್ಮಿ ಇತ್ತು ಅವನಿಗೆ? ಆ ದಿನ ನಮ್ಮ ಕಚೇರಿಯಲ್ಲೂ ಎಲ್ಲರ ಬಾಯಲ್ಲಿ ಇದೇ ಮಾತು. ಅದನ್ನು ಕೇಳುತ್ತಲೇ ನನಗೆ ಹಳೆಯದೊಂದು ದಿನ ನೆನಪಾಯಿತು.

ಆಗ ಬೇರೊಬ್ಬ ಕಲಾವಿದರ ಸಾವಿನ ಸುದ್ದಿ ಬಂದಿತ್ತು. ಮಧ್ಯಾಹ್ನ ನಾವು ಏಳೆಂಟು ಜನ ನಿಂತು ಮಾತಾಡುತ್ತಿದ್ದೆವು. ‘ಏನು ಕಮ್ಮಿ ಇತ್ತು?’ ‘ಎಲ್ಲ ಜಾಸ್ತಿಯಾದರೆ ಹೀಗೇ.’ ‘ಹೇಡಿ ಕಣ್ರೀ, ಹೆಂಡತಿ ಮಕ್ಕಳ ಮುಖವಾದರೂ ನೋಡಬಾರದಿತ್ತಾ?’ ಈ ಕೊನೆಯ ಮಾತು ನನ್ನದು. ಪುಟ ವಿನ್ಯಾಸ ಮಾಡುವ ಸಹೋದ್ಯೋಗಿಯೊಬ್ಬರು ಆ ಕಡೆ ನಲ್ಲಿಯ ಹತ್ತಿರ ತಮ್ಮ ಲೋಟ ತೊಳೆಯುತ್ತಿದ್ದರು. ನಮ್ಮ ಮಾತು ಮುಗಿಯುವವರೆಗೂ ತೊಳೆಯುತ್ತಲೇ ಇದ್ದರು. ಅಷ್ಟು ಹೊತ್ತು ತೊಳೆಯುವಂಥದ್ದು ಆ ಲೋಟದಲ್ಲಿ ಏನೂ ಇರಲಿಲ್ಲ. ನಾನು ನೋಡಿದೆ, ಆದರೆ ಗಮನಿಸಲಿಲ್ಲ.

ಎರಡು ವರ್ಷದ ಮೇಲೆ ಅವರೇ ಹೇಳಿದರು. ಆ ದಿನ ಸಂಜೆ ಐದು ಗಂಟೆಗೆ ಅವರು ಮೊದಲ ಬಾರಿ ಮನೋವೈದ್ಯರ ಹತ್ತಿರ ಹೋಗುವುದಿತ್ತು. ತಿಂಗಳುಗಟ್ಟಲೆ ಧೈರ್ಯ ಕೂಡಿಸಿ ಸಮಯ ಗೊತ್ತು ಮಾಡಿಕೊಂಡಿದ್ದರು. ನಮ್ಮ ಮಾತು ಕೇಳಿದ ಮೇಲೆ ಫೋನ್ ಮಾಡಿ ಬರುವುದಿಲ್ಲ ಅಂದುಬಿಟ್ಟರು. ಮತ್ತೆ ಹೋಗಲು ಎಂಟು ತಿಂಗಳು ಬೇಕಾಯಿತು. ‘ನನಗೂ ಏನೂ ಕಮ್ಮಿ ಇರಲಿಲ್ಲ ಸರ್’ ಅಂದರು. ಒಳ್ಳೆ ಗಂಡ, ಆರೋಗ್ಯವಾದ ಮಗು, ಕೈಯಲ್ಲಿ ಕೆಲಸ. ‘ನೀವೆಲ್ಲ ಪಟ್ಟಿ ಮಾಡಿದ್ದು ನನ್ನ ಹತ್ತಿರವೂ ಇತ್ತು. ಹಾಗಾದರೆ ನಾನು ಯಾವ ಮುಖ ಇಟ್ಟುಕೊಂಡು ಡಾಕ್ಟರ ಮುಂದೆ ಕೂರಲಿ ಅನ್ನಿಸಿತು.’

ನಾವು ಬೈದದ್ದು ಸತ್ತ ಕಲಾವಿದರನ್ನು. ಅವರಿಗೆ ಅದು ಕೇಳಿಸುವ ಹಾಗಿರಲಿಲ್ಲ. ಕೇಳಿಸಿದ್ದು ಮಾರು ದೂರದಲ್ಲಿ ಲೋಟ ತೊಳೆಯುತ್ತಿದ್ದವರಿಗೆ. ಸ್ಟಾರ್‌ಗಳ ಬಗ್ಗೆ ನಾವಾಡುವ ಯಾವ ಮಾತೂ ಸ್ಟಾರ್‌ಗಳನ್ನು ಮುಟ್ಟುವುದು ಕಮ್ಮಿ. ಅದು ಮುಟ್ಟುವುದು ಪಕ್ಕದ ಮೇಜನ್ನು, ಒಳಕೋಣೆಯನ್ನು. ನಿಮಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಆದರೂ ನೀವು ಎತ್ತಿದ ಬೇರೆ ಮಾತುಗಳನ್ನು ಹಾಗೇ ಬಿಡುವುದು ಸರಿಯಲ್ಲ.

‘ಕಮ್ಮಿ’ ಅನ್ನುವುದರಲ್ಲೇ ಒಂದು ತಪ್ಪು ಲೆಕ್ಕ ಇದೆ. ಏನೋ ಇಲ್ಲದ್ದಕ್ಕೆ ಖಿನ್ನತೆ ಬರುತ್ತದೆ, ಇದ್ದರೆ ಬರುವುದಿಲ್ಲ ಎಂಬ ಲೆಕ್ಕ. ಸಕ್ಕರೆ ಕಾಯಿಲೆ ಬಂದ ಸಾಹುಕಾರನನ್ನು ‘ನಿಮಗೇನು ಕಮ್ಮಿ ಅಂತ ಶುಗರ್ ಬಂತು?’ ಎಂದು ಯಾರೂ ಕೇಳುವುದಿಲ್ಲ. ಕೂಲಿ ಮಾಡುವವರಿಗೆ ಬರುವುದಿಲ್ಲ ಎಂಬ ನಿಮ್ಮ ಮಾತಂತೂ ಪೂರ್ತಿ ಉಲ್ಟಾ. ಪ್ರಪಂಚದಲ್ಲಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ಪಾಲು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಅವರ ಮನೆ ಮುಂದೆ ಕ್ಯಾಮೆರಾ ಹೋಗುವುದಿಲ್ಲ, ಅದಕ್ಕೇ ಅವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರ ಬಗ್ಗೆ ನಾಲ್ಕು ಪುಟ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ.

ಹೇಡಿ ಎಂಬ ಪದಕ್ಕೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ಈ ಸಾವಿನ ಹೆಸರಿನಲ್ಲೇ ‘ಹತ್ಯೆ’ ಇದೆ. ಕಾನೂನೂ ಬಹಳ ಕಾಲ ಅದನ್ನು ಹಾಗೇ ನೋಡಿತು. ಇಂಗ್ಲೆಂಡಿನಲ್ಲಿ 1961ರವರೆಗೂ ಇದು ಅಪರಾಧ. ಭಾರತದಲ್ಲಿ ಹೊಸ ಮಾನಸಿಕ ಆರೋಗ್ಯ ಕಾಯ್ದೆ 2018ರಲ್ಲಿ ಜಾರಿಗೆ ಬಂದ ಮೇಲೆ, ಸಾಯಲು ಹೋಗಿ ಬದುಕುಳಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕಾಯಿತು. ಅಂದರೆ ಅವರಿಗೆ ಬೇಕಾದದ್ದು ಶಿಕ್ಷೆಯಲ್ಲ, ಆರೈಕೆ. ಕಾನೂನು ಬದಲಾಯಿತು, ನಮ್ಮ ಬಾಯಿ ಇನ್ನೂ ಹಳೆಯದೇ.

ಇನ್ನು ಪ್ರಚಾರದ ವಿಷಯ. ಇಲ್ಲಿ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ, ನಿಮ್ಮೊಬ್ಬರ ಮೇಲಲ್ಲ, ನಮ್ಮೆಲ್ಲರ ಮೇಲೆ. ಸತ್ತ ಮೇಲೆ ‘ಅಯ್ಯೋ, ಒಂದು ಮಾತು ಹೇಳಬಾರದಿತ್ತಾ’ ಎಂದು ಅಳುವವರು ನಾವೇ. ಬದುಕಿರುವಾಗ ಹೇಳಿದರೆ ‘ನಾಟಕ’ ಅನ್ನುವವರೂ ನಾವೇ. 2021ರಲ್ಲಿ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ಫ್ರೆಂಚ್ ಓಪನ್‌ನಲ್ಲಿ ಮನಸ್ಸಿನ ಆರೋಗ್ಯದ ಕಾರಣ ಕೊಟ್ಟು ಪತ್ರಿಕಾಗೋಷ್ಠಿಗೆ ಹೋಗಲಿಲ್ಲ. ಹದಿನೈದು ಸಾವಿರ ಡಾಲರ್ ದಂಡ ಬಿತ್ತು. ಕೊನೆಗೆ ಟೂರ್ನಿಯನ್ನೇ ಬಿಟ್ಟು ಹೊರಟರು, 2018ರಿಂದ ಖಿನ್ನತೆಯ ಜೊತೆ ಹೆಣಗುತ್ತಿದ್ದೇನೆ ಎಂದು ಹೇಳಿಕೊಂಡರು. ಕೊಬ್ಬು ಅಂದವರಿಗೆ ಲೆಕ್ಕವಿಲ್ಲ. ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಸ್ಪರ್ಧೆಯ ಮಧ್ಯೆ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತಾನು ಎಲ್ಲಿದ್ದೇನೆ ಎಂಬ ಅರಿವೇ ತಪ್ಪುತ್ತಿತ್ತು, ಕುತ್ತಿಗೆ ಮುರಿದುಕೊಳ್ಳುವ ಅಪಾಯ. ಮಂಡಿ ನೋವು ಅಂದಿದ್ದರೆ ಎಲ್ಲರೂ ‘ಬೇಗ ಗುಣವಾಗಲಿ’ ಅನ್ನುತ್ತಿದ್ದರು. ಮನಸ್ಸು ಅಂದಿದ್ದಕ್ಕೆ ಓಡಿಹೋದಳು ಅಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದ ಮೇಲೆ ಆ ಗುಂಪು ಎಲ್ಲಿ ಹೋಯಿತೋ.

ವಿರಾಟ್ ಕೊಹ್ಲಿ 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಹತ್ತು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 134 ರನ್. ಆಗ ನಾವೆಲ್ಲ ಅವರ ಆಫ್ ಸ್ಟಂಪ್ ಆಚೆಯ ಬ್ಯಾಟಿಂಗ್ ಬಗ್ಗೆ ದೊಡ್ಡ ಪಂಡಿತರಾಗಿದ್ದೆವು. ಆ ದಿನಗಳಲ್ಲಿ ಖಿನ್ನತೆ ಕಾಡಿತ್ತು, ಬೆಂಬಲಕ್ಕೆ ಜನ ಇದ್ದೂ ಒಂಟಿ ಅನ್ನಿಸುತ್ತಿತ್ತು ಎಂದು ಅವರು ಬಾಯಿ ಬಿಟ್ಟದ್ದು 2021ರಲ್ಲಿ. ಏಳು ವರ್ಷ! ಅಷ್ಟು ದೊಡ್ಡ ಆಟಗಾರನಿಗೇ ಏಳು ವರ್ಷ ಬೇಕಾಯಿತು. ಯಾರೋ ಒಬ್ಬರು ನಿಜವಾಗಿಯೂ ಪ್ರಚಾರಕ್ಕೆ ಹೇಳಿರಬಹುದು, ಇಲ್ಲ ಅನ್ನುವುದಿಲ್ಲ. ಹತ್ತರಲ್ಲಿ ಒಬ್ಬರು ಹಾಗೆ ಮಾಡಿದರು ಅಂತಲೇ ಇಟ್ಟುಕೊಳ್ಳಿ. ಉಳಿದ ಒಂಬತ್ತು ಜನರ ಬಾಯಿ ಮುಚ್ಚಿಸಿ ನಮಗೇನು ಸಿಗುತ್ತದೆ?

ಕಾರಣ ಹುಡುಕುವ ಚಟದ ಬಗ್ಗೆಯೂ ಒಂದು ಮಾತು. ರಾಬಿನ್ ವಿಲಿಯಮ್ಸ್ ಹೋದ ವಾರ ದುಡ್ಡಿನ ತೊಂದರೆ, ಹಳೆಯ ಕುಡಿತ, ನಗಿಸುವವರ ಒಳದುಃಖ ಅಂತ ಏನೇನೋ ಕಾರಣ ಓಡಾಡಿದವು. ತಿಂಗಳುಗಳ ನಂತರ ಮರಣೋತ್ತರ ಪರೀಕ್ಷೆಯ ವರದಿ ಬಂತು. ಅವರ ಮಿದುಳನ್ನು ಲ್ಯೂಯಿ ಬಾಡಿ ಎಂಬ ಮರೆವಿನ ಕಾಯಿಲೆ ಒಳಗೊಳಗೇ ತಿನ್ನುತ್ತಿತ್ತು. ಬದುಕಿರುವಾಗ ಅವರಿಗೇ ಅದು ಗೊತ್ತಾಗಲಿಲ್ಲ. ನಾವು ಮಾತ್ರ ಒಂದೇ ದಿನದಲ್ಲಿ ಎಲ್ಲ ಪತ್ತೆ ಹಚ್ಚಿದ್ದೆವು.

ಈಗ ನಿಮ್ಮ ಪತ್ರದ ಕೊನೆಯ ಸಾಲು. ನಿಜ ಹೇಳಬೇಕೆಂದರೆ ಇಷ್ಟು ಉದ್ದ ಬರೆಯಲು ಕೂತಿದ್ದೇ ಆ ಸಾಲಿಗಾಗಿ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ. ನನಗೆ ಅದು ಹಾಗೆ ಓದಿಸಿಕೊಳ್ಳಲಿಲ್ಲ.

ಮೂರು ವಾರ ಅಂದಿರಿ. ಮೆಚ್ಚಿನ ನಟ ಹೋದ ದುಃಖವೇ ಇರಬಹುದು, ಅದೂ ದುಃಖವೇ. ಬೇರೆ ಏನೋ ಇರಲೂಬಹುದು. ಫೋನ್ ಕಿತ್ತುಕೊಳ್ಳಬೇಡಿ. ಅವನ ಮುಂದೆ ಆ ನಟನನ್ನು ಬೈಯಬೇಡಿ, ಈಗಾಗಲೇ ಬೈದಿದ್ದರೆ ‘ನಾನು ಹಾಗೆ ಅನ್ನಬಾರದಿತ್ತು’ ಅನ್ನಿ. 1994ರಲ್ಲಿ ಗಾಯಕ ಕರ್ಟ್ ಕೋಬೇನ್ ತೀರಿಕೊಂಡಾಗ ಅವರು ವಾಸವಿದ್ದ ಅಮೆರಿಕದ ಸಿಯಾಟಲ್‌ನಲ್ಲಿ ಸಾವಿರಾರು ಹುಡುಗ ಹುಡುಗಿಯರು ಒಂದೆಡೆ ಸೇರಿ ಅತ್ತರು. ಅವರ ಹೆಂಡತಿಯ ದುಃಖ, ಸಿಟ್ಟು ಎರಡೂ ಧ್ವನಿಮುದ್ರಣದಲ್ಲಿ ಕೇಳಿಸಿದವು. ಸಹಾಯ ಎಲ್ಲಿ ಸಿಗುತ್ತದೆ ಎಂದೂ ಹೇಳಲಾಯಿತು. ಎಲ್ಲರೂ ಹೆದರಿದ್ದ ಹಾಗೆ ಅಲ್ಲಿ ಸಾವುಗಳು ಏರಲಿಲ್ಲ. ಸಹಾಯವಾಣಿಗೆ ಬರುವ ಕರೆಗಳು ಏರಿದವು.

ಅವನ ಪಕ್ಕ ಕೂತು ನೀವೂ ಒಂದು ವಿಡಿಯೊ ನೋಡಿ. ಯಾವುದು ಇಷ್ಟ ಅಂತ ಕೇಳಿ. ನಿದ್ದೆ, ಊಟ ಹೇಗಿದೆ ನೋಡಿ. ಆಮೇಲೆ ನೇರವಾಗಿ ಕೇಳಿ: ‘ನಿನಗೂ ಸಾಯಬೇಕು ಅನ್ನಿಸುತ್ತಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಹಾಗೆ ಆಗುವುದಿಲ್ಲ, ಎಷ್ಟೋ ಸಲ ಹೊರೆ ಇಳಿದ ಹಾಗಾಗುತ್ತದೆ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ. ಅವನನ್ನು ಒಬ್ಬನೇ ಬಿಡಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗನೇ ಮಾಡಬೇಕೆಂದಿಲ್ಲ, ನೀವೂ ಮಾಡಬಹುದು.

ಏನಾಯಿತು ಅಂತ ನನಗೆ ಬರೆಯಿರಿ. ಆ ಪತ್ರವನ್ನು ಅಚ್ಚು ಹಾಕುವುದಿಲ್ಲ.